ಒಂದು ತಾರೀಖಿನ ಹಿಂದೆ

ವಾಷಿಂಗ್ಟನ್ ಡಿ.ಸಿ.
18 ಜನವರಿ 2026, ಭಾನುವಾರ

ತೀರ್ಥರೂಪ ಅಪ್ಪನಿಗೆ, ಅಮ್ಮನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಮ್ಮ, ಸಂಕ್ರಾಂತಿಯ ಫೋಟೋ ನೋಡಿದೆ. ಸಕ್ಕರೆ ಅಚ್ಚು ಈ ಸಲ ಒಂದೂ ಮುರಿಯದೆ ಬಂದಿದೆ ಅಲ್ವಾ? ಇಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ ಎಲ್ಲ ಸಿಕ್ಕಿತು. ಬೀರೋದಕ್ಕೆ ಅಕ್ಕಪಕ್ಕದ ಮನೆಗಳಿಲ್ಲ, ಅಷ್ಟೇ. ಆಫೀಸಿಗೆ ತಗೊಂಡು ಹೋಗಿ ಹಂಚಿದೆ.

ಅಪ್ಪ, ಹೋದ ವಾರ ಫೋನಿನಲ್ಲಿ ನೀವು ಒಂದು ಮಾತು ಕೇಳಿದಿರಿ. ‘ಲಾಬಿ ಅಂದ್ರೆ ನಮ್ಮ ತಾಲ್ಲೂಕು ಕಚೇರಿ ಮುಂದೆ ನಿಂತಿರ್ತಾರಲ್ಲ, ಆ ದಲ್ಲಾಳಿಗಳ ಕೆಲಸ ತಾನೆ?’ ಆಗ ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಮೂವತ್ತು ವರ್ಷ ಗ್ರಾಮ ಲೆಕ್ಕಿಗರಾಗಿದ್ದು ಒಬ್ಬರ ಕೈಯಿಂದಲೂ ಒಂದು ರೂಪಾಯಿ ಮುಟ್ಟದವರು ನೀವು. ಮಗಳು ಏನು ಮಾಡುತ್ತಿದ್ದಾಳೆ ಅಂತ ನಿಮಗೆ ತಿಳಿಯಲೇಬೇಕು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಲಾಬಿ ಅಂದರೆ ದುಡ್ಡು ಕೊಡುವ ಕಕ್ಷಿದಾರರ ಪರವಾಗಿ ಸಂಸತ್ತಿನ ಮುಂದೆ, ಸರ್ಕಾರದ ಮುಂದೆ ಮಾತಾಡುವುದು. ನಮ್ಮ ಆಫೀಸು ಮಾಡುವುದು ಅದನ್ನೇ. ಆದರೆ ನಾನು ಸಂಸತ್ ಸದಸ್ಯರನ್ನು ಭೇಟಿಯಾಗುವವಳಲ್ಲ. ಅದಕ್ಕೆ ನಮ್ಮ ಆಫೀಸಿನಲ್ಲಿ ಬೇರೆಯವರಿದ್ದಾರೆ. ನನ್ನ ಕೆಲಸ ಓದುವುದು. ಓದಿ, ಯಾವುದು ಎಲ್ಲಿಗೆ ಬಂತು ಅಂತ ನಮ್ಮ ಕಕ್ಷಿದಾರರಿಗೆ ಬರೆದು ತಿಳಿಸುವುದು. ಇಲ್ಲಿನ ಕೇಂದ್ರ ಸರ್ಕಾರಕ್ಕೂ ಒಂದು ರಾಜ್ಯಪತ್ರ ಇದೆ. ಫೆಡರಲ್ ರಿಜಿಸ್ಟರ್ ಅಂತ ಹೆಸರು, 1936ರಿಂದ ಬರುತ್ತಿದೆ. ಮಾರನೇ ದಿನ ಅಚ್ಚಾಗುವ ಕಾಗದಗಳನ್ನು ಬೆಳಿಗ್ಗೆ 8:45ಕ್ಕೇ ನೋಡಲು ಬಿಡುತ್ತಾರೆ. ನಾನು ಕಾಫಿ ಹಿಡಿದು ಅದರ ಮುಂದೆ ಕೂರುತ್ತೇನೆ. ಆಮೇಲೆ ಸಮಿತಿಗಳ ಪಟ್ಟಿ, ಹೊಸ ಮಸೂದೆಗಳು, ತಿದ್ದುಪಡಿಗಳು. ಸಂಸತ್ತಿನ ಎರಡು ವರ್ಷದ ಒಂದು ಅವಧಿಯಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಮಸೂದೆ ಮಂಡನೆಯಾಗುತ್ತವೆ. ಕಾನೂನಾಗುವುದು ಕೆಲವೇ ನೂರು. ಯಾವುದನ್ನು ಬಿಡಬಹುದು, ಯಾವುದರ ಮೇಲೆ ಕಣ್ಣಿಡಬೇಕು ಅಂತ ತಿಳಿಯುವುದಕ್ಕೆ ನನಗೆ ಮೂರು ವರ್ಷ ಬೇಕಾಯಿತು.

ಒಂದೇ ಒಂದು ವಿಷಯ ಬಿಡಿಸಿ ಹೇಳುತ್ತೇನೆ. ನಮ್ಮ ಕಕ್ಷಿದಾರರಲ್ಲಿ ಮೊಂಟಾನಾ ರಾಜ್ಯದ ಸಣ್ಣ ಆಸ್ಪತ್ರೆಗಳ ಒಂದು ಗುಂಪಿದೆ. ಆ ರಾಜ್ಯ ನಮ್ಮ ಕರ್ನಾಟಕದ ಎರಡರಷ್ಟು ದೊಡ್ಡದು. ಜನ ಮಾತ್ರ ಸುಮಾರು 11 ಲಕ್ಷ. ಹಿಮ ಬಿದ್ದರೆ ವಯಸ್ಸಾದವರು ಡಾಕ್ಟರ ಹತ್ತಿರ ಹೋಗುವುದು ದೊಡ್ಡ ಪಾಡು. ಇಲ್ಲಿ 65 ದಾಟಿದವರಿಗೆ ಕೇಂದ್ರದ ಆರೋಗ್ಯ ವಿಮೆ ಇದೆ, ಮೆಡಿಕೇರ್. ಕೊರೊನಾ ಬರುವ ಮುಂಚೆ, ಮನೆಯಲ್ಲಿ ಕೂತು ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸಿದರೆ ಮೆಡಿಕೇರ್ ಬಹುತೇಕ ದುಡ್ಡು ಕೊಡುತ್ತಿರಲಿಲ್ಲ. ರೋಗಿ ಹಳ್ಳಿ ಕಡೆಯವರಾಗಿರಬೇಕು, ಅದೂ ಒಂದು ಆಸ್ಪತ್ರೆಗೋ ಕ್ಲಿನಿಕ್ಕಿಗೋ ಬಂದು ಅಲ್ಲಿಂದ ಮಾತಾಡಬೇಕು. 2020ರ ಮಾರ್ಚ್‌ನಲ್ಲಿ ಆ ಕಟ್ಟು ಸಡಿಲ ಮಾಡಿದರು. ಆದರೆ ಕಾಯಂ ಮಾಡಲಿಲ್ಲ. ಒಂದು ತಾರೀಖು ಇಟ್ಟರು. ಆ ತಾರೀಖು ಹತ್ತಿರ ಬಂದಾಗ ಮುಂದಕ್ಕೆ ಹಾಕುತ್ತಾ ಬಂದಿದ್ದಾರೆ.

ಮುಂದಕ್ಕೆ ಹಾಕುವುದು ಹೇಗೆ ಗೊತ್ತಾ ಅಪ್ಪ? ನಿಮಗೆ ಇದು ಕೂಡಲೇ ಅರ್ಥವಾಗುತ್ತದೆ. ಮಸೂದೆಯಲ್ಲಿ ವಿಡಿಯೋ ಅಂತಲೂ ಇರುವುದಿಲ್ಲ, ರೋಗಿ ಅಂತಲೂ ಇರುವುದಿಲ್ಲ. ಇಂಥ ಪ್ರಕರಣದಲ್ಲಿ ‘2024ರ ಡಿಸೆಂಬರ್ 31’ ಎಂಬುದರ ಬದಲಿಗೆ ‘2025ರ ಮಾರ್ಚ್ 31’ ಎಂದು ಸೇರಿಸತಕ್ಕದ್ದು, ಇಷ್ಟೇ. ಸಾವಿರ ಪುಟದ ನಡುವೆ ಇಂಥ ಒಂದು ಸಾಲು. ನೀವು ಪಹಣಿಯಲ್ಲಿ ಒಂದು ಅಕ್ಷರದ ವ್ಯತ್ಯಾಸಕ್ಕೆ ದೀಪದ ಬೆಳಕಲ್ಲಿ ಹಳೆ ಪುಸ್ತಕ ತಿರುವುತ್ತಿದ್ದಿರಲ್ಲ, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅದೇ ಕೆಲಸ ಇದು.

2024ರ ಡಿಸೆಂಬರ್ 17ರ ಸಂಜೆ ಸರ್ಕಾರ ನಡೆಸುವ ಖರ್ಚಿನ ಮಸೂದೆ ಹೊರಗೆ ಬಂತು, 1,547 ಪುಟ. ಕುಕ್ಕರ್ ಇಟ್ಟು ಓದಲು ಕೂತೆ. ನಮ್ಮ ಸಾಲು ಸಿಕ್ಕಿತು. ತಾರೀಖು ಎರಡು ವರ್ಷ ಮುಂದಕ್ಕೆ ಹೋಗಿತ್ತು, 2026ರ ಕೊನೆಯವರೆಗೆ. ನನಗೆ ಎಷ್ಟು ಖುಷಿಯಾಯಿತು ಅಂದರೆ ಆ ರಾತ್ರಿಯೇ ಮೊಂಟಾನಾಕ್ಕೆ ಬರೆದೆ. ಮಾರನೇ ದಿನ ಇಲಾನ್ ಮಸ್ಕ್, ಆಮೇಲೆ ಆಗಷ್ಟೇ ಚುನಾವಣೆ ಗೆದ್ದಿದ್ದ ಟ್ರಂಪ್ ಆ ಮಸೂದೆಯನ್ನು ವಿರೋಧಿಸಿದರು. ಅದು ಬಿದ್ದುಹೋಯಿತು. 19ಕ್ಕೆ ಇನ್ನೊಂದು ತಂದರು, ಅದು ಕೆಳಮನೆಯಲ್ಲಿ ಸೋತಿತು. 20ರ ಸಂಜೆ 118 ಪುಟದ್ದು ಅಲ್ಲಿ ಪಾಸಾಯಿತು. ಮಧ್ಯರಾತ್ರಿ ದಾಟಿದ ಮೇಲೆ ಮೇಲ್ಮನೆ ಸೆನೆಟ್ ಒಪ್ಪಿತು. ಎರಡು ವರ್ಷ ಹೋಗಿ ಮೂರು ತಿಂಗಳು ಉಳಿದಿತ್ತು.

ಅಷ್ಟರಲ್ಲಿ ಆ ಆಸ್ಪತ್ರೆಯವರು ನನ್ನ ಮಾತು ನಂಬಿ ತಮ್ಮ ನರ್ಸ್‌ಗಳಿಗೆ ಹೇಳಿಬಿಟ್ಟಿದ್ದರು. ಅಲ್ಲಿನ ಮುಖ್ಯಸ್ಥರು ಫೋನ್ ಮಾಡಿದರು. ಬೈಯಲಿಲ್ಲ. ‘ಈಗ ಇವರಿಗೆ ಏನು ಹೇಳಲಿ?’ ಅಂತ ಕೇಳಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಸಹಿ, ಸೀಲು ಬೀಳುವ ತನಕ ಖಾತೆ ಆಯಿತು ಅಂತ ಯಾರಿಗೂ ಹೇಳಬಾರದು ಅಂತ ನೀವು ಹೇಳುತ್ತಿದ್ದಿರಿ. ಅವತ್ತಿಂದ ನಾನು ಬರೆಯುವ ಪ್ರತಿ ಟಿಪ್ಪಣಿಯ ಮೊದಲ ಸಾಲಲ್ಲೇ ಹಾಕುತ್ತೇನೆ: ಇದು ಇನ್ನೂ ಕಾನೂನಾಗಿಲ್ಲ.

2025ರ ಮಾರ್ಚ್‌ನಲ್ಲಿ ಮತ್ತೆ ಸೆಪ್ಟೆಂಬರ್ 30ಕ್ಕೆ ಹಾಕಿದರು. ಖರ್ಚಿನ ಮಸೂದೆ ಪಾಸಾಗದೆ ಅಕ್ಟೋಬರ್ 1ಕ್ಕೆ ಸರ್ಕಾರವೇ ಬಾಗಿಲು ಹಾಕಿತು, 43 ದಿನ. ಆ ತಾರೀಖೂ ಮುಗಿದುಹೋಯಿತು. ಕೆಲವು ಆಸ್ಪತ್ರೆಗಳು ದುಡ್ಡು ಬರುತ್ತೋ ಇಲ್ಲವೋ ತಿಳಿಯದೆಯೇ ವಿಡಿಯೋದಲ್ಲಿ ರೋಗಿಗಳನ್ನು ನೋಡಿದವು. ಕೆಲವು ನಿಲ್ಲಿಸಿದವು. ‘ಅಜ್ಜಿಯೊಬ್ಬರು ಅಪಾಯಿಂಟ್‌ಮೆಂಟ್ ಇದೆಯಾ ಅಂತ ದಿನಾ ಫೋನ್ ಮಾಡುತ್ತಿದ್ದಾರೆ’ ಅಂತ ಒಬ್ಬ ನರ್ಸ್ ನನಗೆ ಬರೆದಿದ್ದರು. ಅದನ್ನು ಓದಿದ ದಿನ ಊಟ ಸೇರಲಿಲ್ಲ. ನವೆಂಬರ್ 12ಕ್ಕೆ ಸಹಿ ಬಿತ್ತು, ಹಿಂದಿನದಕ್ಕೂ ಸೇರಿಸಿ. ಹೊಸ ತಾರೀಖು ಇದೇ ಜನವರಿ 30. ಇನ್ನು ಹನ್ನೆರಡು ದಿನ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ದಲ್ಲಾಳಿಗಳು ಇಲ್ಲ ಅಂತ ಹೇಳುವುದಿಲ್ಲ. ಜ್ಯಾಕ್ ಅಬ್ರಮಾಫ್ ಅಂತ ಒಬ್ಬ ಲಾಬಿಗಾರ 2006ರಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಮಾರನೇ ವರ್ಷ ಕಾನೂನು ಬಿಗಿ ಮಾಡಿದರು. ಯಾರ ಪರವಾಗಿ, ಯಾವ ಮಸೂದೆಯ ಬಗ್ಗೆ, ಎಷ್ಟು ದುಡ್ಡಿಗೆ ಕೆಲಸ ಮಾಡಿದೆವು ಅಂತ ಮೂರು ತಿಂಗಳಿಗೊಮ್ಮೆ ಬರೆದು ಕೊಡಬೇಕು. ನಾಡಿದ್ದು 20ಕ್ಕೆ ನಮ್ಮದೂ ಕೊಡಬೇಕು. ಅದನ್ನು ಊರಿನಲ್ಲಿ ಕೂತು ನೀವೂ ಇಂಟರ್‌ನೆಟ್ಟಿನಲ್ಲಿ ತೆಗೆದು ನೋಡಬಹುದು. ತಾಲ್ಲೂಕು ಕಚೇರಿ ಮುಂದಿನವರು ಹಾಗೆ ಲೆಕ್ಕ ಬರೆದು ಗೋಡೆಗೆ ಅಂಟಿಸುವುದನ್ನು ನಾವು ನೋಡಿಲ್ಲವಲ್ಲ ಅಪ್ಪ.

ಆದರೂ ನನಗೆ ಒಂದು ಕೊರಗು ಇದೆ. ಲಾಬಿಗೆ ಇಲ್ಲಿ ವರ್ಷಕ್ಕೆ 400 ಕೋಟಿ ಡಾಲರಿಗೂ ಜಾಸ್ತಿ ಖರ್ಚಾಗುತ್ತದೆ. ದೊಡ್ಡ ಕಂಪನಿಗೆ ನನ್ನಂಥವರು ಹತ್ತು ಜನ ಓದಿ ಹೇಳುತ್ತಾರೆ. ಆ ಅಜ್ಜಿಗೆ ಓದಿ ಹೇಳುವವರು ಯಾರು? ಸರ್ಕಾರ ನಿಯಮದ ಕರಡು ಹೊರಡಿಸಿದಾಗ ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು. ನೀವು ಖಾತೆ ಬದಲಾವಣೆಗೆ ಮುಂಚೆ ಚಾವಡಿಯಲ್ಲಿ ನೋಟಿಸ್ ಅಂಟಿಸುತ್ತಿದ್ದಿರಲ್ಲ, ಹಾಗೆಯೇ. ಮುಖ್ಯವಾದ ಮಾತಿಗೆ ಇಲಾಖೆ ಉತ್ತರ ಕೊಡಲೇಬೇಕು. ಆದರೆ ನೋಟಿಸ್ ಬಂದಿದೆ ಅಂತ ತಿಳಿದರೆ ತಾನೆ ಬರೆಯುವುದು? ಹೋದ ಬೇಸಿಗೆಯಲ್ಲಿ ಮೆಡಿಕೇರ್ ಡಾಕ್ಟರುಗಳ ದರದ ಕರಡು ಬಂದಾಗ ನಾನು ಅದನ್ನು ಎರಡು ಪುಟಕ್ಕೆ ಇಳಿಸಿ, ಸರಳವಾಗಿ ಬರೆದು ಆ ನರ್ಸ್‌ಗಳಿಗೆ ಕಳಿಸಿದೆ. ಹನ್ನೊಂದು ಜನ ತಮ್ಮ ಮಾತಿನಲ್ಲೇ ಬರೆದು ಹಾಕಿದರು. ಈ ಕೆಲಸದಲ್ಲಿ ನನಗೆ ತುಂಬಾ ಹೆಮ್ಮೆ ಅನಿಸಿದ್ದು ಅದೇ.

ಈ ಕಾಗದ ಅಂಚೆಯಲ್ಲಿ ನಿಮ್ಮ ಕೈ ಸೇರುವ ಹೊತ್ತಿಗೆ 30 ದಾಟಿರುತ್ತದೆ. ತಾರೀಖು ಏನಾಯಿತು ಅಂತ ಫೋನಿನಲ್ಲಿ ಹೇಳುತ್ತೇನೆ, ಸಹಿ ಬಿದ್ದ ಮೇಲೆ. ಅಮ್ಮ, ಅಪ್ಪನ ಎಡಗಣ್ಣು ತೋರಿಸಲು ತುಮಕೂರಿಗೆ ಯಾವತ್ತು ಹೋಗುತ್ತೀರಿ? ಬಸ್ಸಿನಲ್ಲಿ ಬೇಡ, ಕಾರು ಮಾಡಿಕೊಂಡು ಹೋಗಿ. ದುಡ್ಡು ಹಾಕಿದ್ದೇನೆ.

ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ ಮಗಳು