ಕೀಲಿಕೈ ಯಾರ ಮನೆಯಲ್ಲಿ ಇಡೋಣ?

ರಾತ್ರಿ ಹನ್ನೊಂದೂ ಮುಕ್ಕಾಲು. ಸಿಡ್ನಿಯ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ನಾಳೆ ಬೆಳಗ್ಗೆ ಎಂಟಕ್ಕೆ ಮುದ್ರಣಕ್ಕೆ ಹೋಗಬೇಕು. ಸಂಪಾದಕೀಯದ ಜಾಗದಲ್ಲಿ ಇನ್ನೂ ‘ಇಲ್ಲಿ ಏನಾದ್ರೂ ಬರಿ ಮಾರಾಯ’ ಎಂದು ನಾನೇ ಹಾಕಿಕೊಂಡ ಕೆಂಪು ಸಾಲು ಇದೆ. ರಾಜ್ಯೋತ್ಸವದ ಬಗ್ಗೆ ಬರೆಯೋಣ ಎಂದು ಕೂತೆ. ಹೋದ ವರ್ಷ ಬರೆದದ್ದನ್ನು ತೆಗೆದು ನೋಡಿದೆ. ಅದರ ಹಿಂದಿನ ವರ್ಷದ್ದೂ ಹೆಚ್ಚುಕಮ್ಮಿ ಅದೇ. ಯಾರೂ ಗಮನಿಸಿಲ್ಲ. ಬೇಜಾರೂ ಆಯಿತು, ಸಮಾಧಾನವೂ ಆಯಿತು.

ಆದರೆ ತಲೆಯಲ್ಲಿ ಇರುವುದು ಬೇರೆ. ರಾಯಚೂರು ಆಂಟಿಯ ಮನೆಯವರು ಡಿಸೆಂಬರ್‌ನಲ್ಲಿ ಪರ್ತ್‌ಗೆ ಹೊರಟಿದ್ದಾರೆ. ಸಂಘದಲ್ಲಿ ಅವರನ್ನು ತಿಳಿಯದವರು ಯಾರು? ನಮಗೆ ಎರಡು ಮನೆ ಆಚೆ ಅವರು. ಸಂಜೆ ಊಟಕ್ಕೆ ಕೂತಾಗ ಮಕ್ಕಳಿಗೆ ವಿಷಯ ಹೇಳಿದೆವು. ಮಗಳಿಗೆ ಹತ್ತು ವರ್ಷ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ರೊಟ್ಟಿ ಮುರಿಯುತ್ತಾ, “ಹಾಗಾದ್ರೆ ಇನ್ಮೇಲೆ ನಾನು ಕೀ ಮರೆತರೆ ಎಲ್ಲಿಗೆ ಹೋಗ್ಲಿ?” ಎಂದಳು. ನಾವಿಬ್ಬರೂ ಪಲ್ಯದ ಕಡೆ ನೋಡಿದೆವು.

ಅದೇ ಹೊತ್ತಿಗೆ ಫೋನಿನಲ್ಲಿ ಇನ್ನೊಂದು ಪ್ರಶ್ನೆ ಕಾಯುತ್ತಿತ್ತು. ಕೊಪ್ಪಳದ ಕಡೆಯ ಒಂದು ಜೋಡಿ ಜನವರಿಗೆ ಸಿಡ್ನಿಗೆ ಬರುತ್ತಿದ್ದಾರೆ. ಐದು ವರ್ಷದ ಮಗ, ಎರಡು ವರ್ಷದ ಮಗಳು. ‘ಸರ್, ಫ್ಯಾಮಿಲಿಗೆ ಒಳ್ಳೆ ಏರಿಯಾ ಯಾವುದು?’ ಎಂದು ಕೇಳಿ, ಜೊತೆಗೆ ಒಂದು ಎಕ್ಸೆಲ್ ಶೀಟು ಕಳಿಸಿದ್ದಾರೆ. ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಕೆಲ್ಲಿವಿಲ್, ಶೋಫೀಲ್ಡ್ಸ್, ಮಾರ್ಸ್‌ಡನ್ ಪಾರ್ಕ್. ಒಂದೊಂದಕ್ಕೂ ಬಾಡಿಗೆ, ಶಾಲೆಯ ಅಂಕ, ರೈಲಿನ ನಿಮಿಷ, ಇಂಡಿಯನ್ ಅಂಗಡಿ ಎಷ್ಟು ದೂರ, ಎಲ್ಲಾ ಕಾಲಂ ಇದೆ. ನೋಡಿ ನಗು ಬಂತು. ಒಂಬತ್ತು ವರ್ಷದ ಹಿಂದೆ ನಾನೂ ಇಂಥದ್ದೇ ಶೀಟು ಮಾಡಿದ್ದೆ. ನನ್ನದರಲ್ಲಿ ಹದಿನಾಲ್ಕು ಕಾಲಂ ಇದ್ದವು. ರಾಯಚೂರು ಆಂಟಿ ಎಂಬ ಕಾಲಂ ಇರಲಿಲ್ಲ.

ಆ ಶೀಟಿನ ಲೆಕ್ಕದಲ್ಲಿ ಗೆದ್ದದ್ದು ಟೂಂಗ್ಯಾಬಿ. ಊರಿಗೆ ಫೋನು ಮಾಡಿ ಹೆಸರು ಹೇಳಿದಾಗ ಅವ್ವ, “ತುಂಗಭದ್ರಾ ಅಲ್ಲೂ ಹರೀತದೇನು?” ಎಂದಿದ್ದಳು. ಒಂದು ಸಣ್ಣ ಹಳ್ಳ ಹರಿಯುತ್ತದೆ ಎಂದೆ. “ಹಂಗಾದ್ರ ಚಲೋ ಆತು ಬಿಡು” ಎಂದಳು. ಮುಂದಿನ ಪ್ರಶ್ನೆ, “ಬಾಜೂ ಮನಿಯಾಗ ಯಾರದಾರ?” ನನಗೆ ಗೊತ್ತಿರಲಿಲ್ಲ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮನೆ ನೋಡುವ ವಿದ್ಯೆಯಲ್ಲಿ ಅವಳು ನನ್ನನ್ನು ಅವತ್ತೇ ಫೇಲ್ ಮಾಡಿರಬೇಕು.

ಅವಳ ವಿದ್ಯೆ ಎಂಥದ್ದು ಎಂದು ಹೇಳಿಬಿಡುತ್ತೇನೆ. ಜಾಗ ಜಾಸ್ತಿ ತಿನ್ನುತ್ತದೆ, ಕ್ಷಮಿಸಿ. ಮಧ್ಯದ ಪುಟದಲ್ಲಿ ಬರಬೇಕಿದ್ದ ಅಡುಗೆ ಅಂಕಣ ಹೇಗೂ ಬಂದಿಲ್ಲ.

1984. ಅಪ್ಪ ನೀರಾವರಿ ಇಲಾಖೆಯಲ್ಲಿ ಗುಮಾಸ್ತ. ಸಿಂಧನೂರಿನಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ಲೆಕ್ಕ ಬರೆಯುತ್ತಿದ್ದವರನ್ನು ಬಳ್ಳಾರಿಗೆ, ಬಲದಂಡೆಯ ಕಡೆಗೆ ಹಾಕಿದರು. ನನಗೆ ಎಂಟು ವರ್ಷ, ಅಕ್ಕನಿಗೆ ಹನ್ನೊಂದು. ಅಪ್ಪ ಮೊದಲೇ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜಿನಲ್ಲಿ ಇದ್ದುಕೊಂಡು, ಕೋಟೆಯ ಗುಡ್ಡದ ಬುಡದಲ್ಲಿ ಒಂದು ಮನೆ ಗೊತ್ತು ಮಾಡಿದ್ದರು. ದೊಡ್ಡ ಪಡಸಾಲೆ, ಕಡಿಮೆ ಬಾಡಿಗೆ, ಆಫೀಸಿಗೆ ನಡೆದು ಹೋಗಬಹುದು. ಐವತ್ತು ರೂಪಾಯಿ ಮುಂಗಡವನ್ನೂ ಕೊಟ್ಟಿದ್ದರು.

ಒಂದು ಭಾನುವಾರ ಅವ್ವ ನಮ್ಮಿಬ್ಬರನ್ನೂ ಕಟ್ಟಿಕೊಂಡು ಸಿರುಗುಪ್ಪದ ಮೇಲೆ ಬಸ್ಸಿನಲ್ಲಿ ಬಂದಳು. ಮೇ ತಿಂಗಳು. ಬಳ್ಳಾರಿಯ ಮೇ ತಿಂಗಳನ್ನು ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿದರೂ ಪ್ರಯೋಜನವಿಲ್ಲ. ಅಪ್ಪ ಸಂಭ್ರಮದಿಂದ ಬೀಗ ತೆಗೆದು, “ಬಾ, ಒಳಗ ನೋಡು” ಎಂದರು. ಅವ್ವ ಒಳಗೆ ಹೋಗಲೇ ಇಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಕೂತು, “ಯಕ್ಕಾ, ಒಂದು ತಂಬಿಗಿ ನೀರು ಕೊಡ್ತೀರೇನ್ರಿ?” ಎಂದಳು.

ನೀರು ಬಂತು. ಅರ್ಧ ಲೋಟ. ಕೊಟ್ಟಾಕೆ ಕೆಟ್ಟವಳಲ್ಲ, ಪಾಪ. “ನಳ ನಿನ್ನೆ ಬಂದು ಹೋಗ್ಯಾವ. ಇನ್ನು ನಾಲ್ಕು ದಿನ ಇಲ್ಲ” ಎಂದಳು. ಕಾಲುವೆ ಬಂದ್ ಆದರೆ ಊರಿನ ನೀರಿಗೂ ಕಷ್ಟ ಎಂಬುದು ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಆಮೇಲೆ ಆಕೆಯೇ ಕೇಳದೆ ಇನ್ನೊಂದು ಮಾತು ಹೇಳಿದಳು. “ಗುಡ್ಡ ಹಗಲೆಲ್ಲಾ ಬಿಸಿಲು ಕುಡೀತದವ್ವ. ರಾತ್ರಿ ಕುಂತು ಉಗುಳ್ತದ. ಮಕ್ಕಳು ಮಲಗಂಗಿಲ್ಲ.” ಅವ್ವ ಲೋಟ ತೊಳೆದು ಕೊಟ್ಟು ಎದ್ದಳು. ಆ ಮನೆ ಅಲ್ಲಿಗೆ ಮುಗಿಯಿತು. ಐವತ್ತು ರೂಪಾಯಿಯೂ ಮುಗಿಯಿತು.

ಅಪ್ಪ ಸಿಟ್ಟಿನಲ್ಲೇ ಗಾಂಧಿನಗರಕ್ಕೆ ಕರೆದುಕೊಂಡು ಹೋದರು. ಅಗಲ ರಸ್ತೆ, ಬೇವಿನ ಮರ, ಚಂದದ ಮನೆಗಳು. ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ, ಆದರೂ ಒಂದು ಹಿಂಬದಿಯ ಔಟ್‌ಹೌಸ್ ಇತ್ತು. ಎಲ್ಲಾ ಗೇಟೂ ಮುಚ್ಚಿದ್ದವು. ಮಧ್ಯಾಹ್ನ ಮೂರು ಗಂಟೆ, ಯಾರು ಹೊರಗಿರುತ್ತಾರೆ ಎಂದು ಅಪ್ಪ ವಾದಿಸಿದರು. “ಹಂಗಾರ ಐದರ ತನಕ ಕುಂದ್ರೋಣು” ಎಂದಳು ಅವ್ವ. ಕೂತೆವು. ಐದಾಯಿತು. ಒಂದು ನಾಯಿ ಬಂತು. “ಇಲ್ಲಿ ಯಾರನ್ನ ನೀರು ಕೇಳ್ಲಿ?” ಎಂದು ಅವ್ವ ಸೀರೆ ಕೊಡವಿದಳು. ಈಗ ಯೋಚಿಸಿದರೆ ಅದು ಅನ್ಯಾಯದ ತೀರ್ಪು. ಗಾಂಧಿನಗರದಲ್ಲಿ ಬೆಳೆದ ಗೆಳೆಯರು ನನಗೆ ಆಮೇಲೆ ಬೇಕಾದಷ್ಟು ಸಿಕ್ಕರು, ಎಲ್ಲರ ಮನೆಯಲ್ಲೂ ಉಂಡಿದ್ದೇನೆ. ಒಂದು ಮೇ ತಿಂಗಳ ಒಂದು ಮಧ್ಯಾಹ್ನ ನೋಡಿ ಬಡಾವಣೆ ಅಳೆಯಬಾರದು. ಆದರೆ ಅವ್ವನ ಹತ್ತಿರ ಇದ್ದದ್ದು ಒಂದೇ ಭಾನುವಾರ.

ಕೊನೆಗೆ ಸತ್ಯನಾರಾಯಣಪೇಟೆಯ ಒಂದು ವಠಾರ. ಅಪ್ಪನ ಆಫೀಸಿನ ಜವಾನ ತೋರಿಸಿದ್ದು. ಸಾಲು ಮನೆ ಐದು, ನಡುವೆ ಒಂದು ಬೋರಿನ ಕೈಪಂಪು. ಹೊಸ್ತಿಲಲ್ಲಿ ಕೂತ ಒಬ್ಬ ಮುದುಕಿ ಮೂರು ಹುಡುಗರನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದಳು. ಅರ್ಧ ತೆಲುಗು, ಅರ್ಧ ಕನ್ನಡ. ಬಳ್ಳಾರಿಯಲ್ಲಿ ಸಿಟ್ಟು ಬಂದಾಗ ಎರಡೂ ಭಾಷೆ ಬೇಕಾಗುತ್ತದೆ. ಅವ್ವ ನೀರು ಕೇಳಲು ಹೋದವಳು ನಿಂತು, “ಮೊಮ್ಮಕ್ಕಳೇನ್ರಿ?” ಎಂದಳು. ಮುದುಕಿ, “ನನ್ನವು ಒಂದೂ ಅಲ್ಲ. ಇವ್ರವ್ವಂದಿರು ಕೆಲಸಕ್ಕೆ ಹೋಗ್ಯಾರ” ಎಂದು ಮತ್ತೆ ಬೈಯಲು ತಿರುಗಿದಳು.

ಅವ್ವ ಅಪ್ಪನ ಕಡೆ ನೋಡಿ, “ಇದೇ ಇರ್ಲಿ” ಎಂದಳು. ಮನೆಯ ಒಳಗೆ ಆಗಲೂ ಹೋಗಿರಲಿಲ್ಲ.

ಹೋಗಿದ್ದರೆ ಗೊತ್ತಾಗುತ್ತಿತ್ತು. ಅಡುಗೆಮನೆಯ ಗೋಡೆ ಪಶ್ಚಿಮಕ್ಕೆ. ಸಂಜೆ ನಾಲ್ಕರಿಂದ ಏಳರವರೆಗೆ ಅಲ್ಲಿ ಒಲೆ ಹಚ್ಚದೆಯೇ ರೊಟ್ಟಿ ಬೇಯಿಸಬಹುದಿತ್ತು. ರಾತ್ರಿಯ ರೈಲುಗಳ ಸದ್ದಿಗೆ ಪಾತ್ರೆ ಅಲುಗಾಡುತ್ತಿತ್ತು. ಹನ್ನೊಂದು ವರ್ಷ ಅಪ್ಪ ಅದನ್ನೇ ಆಡಿಕೊಂಡರು. “ನಿಮ್ಮವ್ವ ಕುಡಿದ ನೀರಿಗೆ ಐವತ್ತು ರೂಪಾಯಿ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಆದರೆ ಅವ್ವ ಟೀಚರು. ಶಾಲೆ ಕೌಲ್ ಬಜಾರಿನಲ್ಲಿ, ಹಳಿಯ ಆ ಕಡೆ. ಮೊದಲನೇ ಗೇಟು ಬಿತ್ತೆಂದರೆ ಅದಿರಿನ ಗಾಡಿ ಹೋಗಿ ಮುಗಿಯುವವರೆಗೆ ಸೈಕಲ್ಲು, ಟಾಂಗಾ, ಟೀಚರು ಎಲ್ಲ ಅಲ್ಲೇ. ನಾವು ಶಾಲೆಯಿಂದ ಬಂದಾಗ ಅವ್ವ ಇರುತ್ತಿದ್ದದ್ದು ಅಪರೂಪ. ಆ ಮುದುಕಿಯನ್ನು ನಾವೆಲ್ಲ ಅಮ್ಮಮ್ಮ ಎನ್ನುತ್ತಿದ್ದೆವು. ಅವಳ ಅಡುಗೆಮನೆಯ ಬಾಗಿಲ ಹಿಂದೆ ಐದು ಮೊಳೆ ಹೊಡೆದಿತ್ತು. ಐದು ಮನೆಯ ಕೀಲಿಕೈ ಅಲ್ಲಿ ತೂಗುತ್ತಿದ್ದವು. ನಮ್ಮದು ಎರಡನೇ ಮೊಳೆ. ಕೀಲಿಕೈ ತೆಗೆದುಕೊಳ್ಳಲು ಹೋದರೆ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಮೊದಲು ಬೈಗುಳ, ಆಮೇಲೆ ಒಗ್ಗರಣೆ ಮಂಡಕ್ಕಿ. ಪುಣ್ಯವಿದ್ದ ದಿನ ಮಿರ್ಚಿ. ಅಕ್ಕನಿಗೆ ಜ್ವರ ಬಂದು ಮೂರು ದಿನ ಮಲಗಿದ್ದು ಆ ಬಾಗಿಲ ಪಕ್ಕದ ಚಾಪೆಯ ಮೇಲೆ. ಅವ್ವ ರಜೆ ಹಾಕಲಿಲ್ಲ. ಹಾಕಿದ್ದರೆ ಅಮ್ಮಮ್ಮ ಅವಳಿಗೂ ಬೈಯುತ್ತಿದ್ದಳು.

ಹೋಗಲಿ. ಕೊಪ್ಪಳದ ಜೋಡಿಗೆ ಉತ್ತರ ಕೊಡಬೇಕು. ಮುಂದೆ ಬರುವವರಿಗೂ ಆಗುತ್ತದೆ ಎಂದು ಇಲ್ಲೇ ಬರೆಯುತ್ತೇನೆ.

ತಮ್ಮಾ, ಶೀಟು ಚೆನ್ನಾಗಿದೆ. ಆದರೆ ಇಲ್ಲಿ ಬಾಡಿಗೆ ವಾರಕ್ಕೆ ಹೇಳುತ್ತಾರೆ, ನೀವು ತಿಂಗಳಿಗೆ ಅಂತ ಹಾಕಿದ್ದೀರಿ. ಮತ್ತೊಮ್ಮೆ ಲೆಕ್ಕ ಮಾಡಿ, ಕೂತುಕೊಂಡು ಮಾಡಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ಬಾಂಡ್, ಅಂದರೆ ಇಲ್ಲಿನ ಅಡ್ವಾನ್ಸ್, ನಾಲ್ಕು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಸರ್ಕಾರಿ ಶಾಲೆಗೆ ಮನೆಯ ವಿಳಾಸವೇ ಮುಖ್ಯ. ರಸ್ತೆಯ ಈ ಬದಿ ಒಂದು ಶಾಲೆ, ಆ ಬದಿ ಇನ್ನೊಂದು ಇರಬಹುದು. ಆದ್ದರಿಂದ ಸಹಿ ಹಾಕುವ ಮುಂಚೆ ಆ ಬಾಗಿಲ ಸಂಖ್ಯೆಯನ್ನೇ ಹಾಕಿ ಕ್ಯಾಚ್‌ಮೆಂಟ್, ಅಂದರೆ ಅದು ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆ ಎಂದು, ನೋಡಿ. ಜುಲೈ 31ರೊಳಗೆ ಐದು ತುಂಬುವ ಮಕ್ಕಳು ಆ ವರ್ಷವೇ ಕಿಂಡರ್‌ಗಾರ್ಟನ್ (ಇಲ್ಲಿ ಶಾಲೆಯ ಮೊದಲ ವರ್ಷ) ಸೇರಬಹುದು. ನಿಮ್ಮ ಮಗನಿಗೆ ಆಗಲೇ ಐದು, ಹಾಗಾಗಿ ತಡ ಮಾಡಬೇಡಿ. ಸೆಲೆಕ್ಟಿವ್ ಹೈಸ್ಕೂಲಿನ ಪಕ್ಕ ಮನೆ ಮಾಡಬೇಕು ಎಂದು ಯಾರೋ ಹೇಳಿದ್ದಾರಲ್ಲ, ಸುಮ್ನೆ ದುಡ್ಡು ದಂಡ. ಪೂರ್ತಿ ಸೆಲೆಕ್ಟಿವ್ ಶಾಲೆಗೆ ಸೀಟು ಕೊಡುವುದು ಪರೀಕ್ಷೆ ನೋಡಿ, ಮನೆ ನೋಡಿ ಅಲ್ಲ.

ನಿಮ್ಮ ಶೀಟಿನಲ್ಲಿ ಇಲ್ಲದ್ದು ಬಿಸಿಲು. ಕೊಪ್ಪಳದವರಿಗೆ ಬಿಸಿಲು ಹೇಳಿಕೊಡ್ತೀರಾ ಅನ್ನಬೇಡಿ. 2020ರ ಜನವರಿ 4ರಂದು ಸಿಡ್ನಿಯ ಪಶ್ಚಿಮದ ಪೆನ್ರಿತ್‌ನಲ್ಲಿ 48.9 ಡಿಗ್ರಿ ದಾಖಲಾಗಿದೆ. ಪಶ್ಚಿಮಕ್ಕೆ ಹೋದಷ್ಟೂ ಸಮುದ್ರದ ಗಾಳಿ ಕಡಿಮೆ. ಹೊಸ ಬಡಾವಣೆಗಳಲ್ಲಿ ಮನೆ ದೊಡ್ಡದು, ಮರ ಚಿಕ್ಕದು, ಎಷ್ಟೋ ಕಡೆ ಚಾವಣಿ ಕಪ್ಪು. ಅಡುಗೆಮನೆ ಯಾವ ದಿಕ್ಕಿಗೆ ಎಂದು ನೋಡಿ, ನಮ್ಮವ್ವನ ತಪ್ಪು ಮಾಡಬೇಡಿ. ವಿಂಡ್ಸರ್, ರಿಚ್‌ಮಂಡ್ ಕಡೆ ಅಗ್ಗ ಎಂದು ಹೋಗುವುದಾದರೆ ಪ್ರವಾಹದ ನಕ್ಷೆ ತೆಗೆದು ನೋಡಿ. 2021 ಮತ್ತು 2022ರಲ್ಲಿ ಹಾಕ್ಸ್‌ಬರಿ ನದಿ ಉಕ್ಕಿದಾಗ ಏನಾಯಿತು ಎಂದು ಅಲ್ಲಿದ್ದವರನ್ನೇ ಕೇಳಿ. ಮೆಟ್ರೋ 2024ರಲ್ಲಿ ನಗರದ ಒಳಗಿಂದ ಸಿಡೆನ್‌ಹ್ಯಾಂವರೆಗೆ ಬಂದ ಮೇಲೆ ಕೆಲ್ಲಿವಿಲ್ ಕಡೆಯವರಿಗೆ ಅನುಕೂಲ ಆಗಿರುವುದು ನಿಜ. ಆದರೆ ಇಬ್ಬರೂ ಕೆಲಸಕ್ಕೆ ಹೋದರೆ ಮಗನನ್ನು ಮೂರು ಗಂಟೆಗೆ ಯಾರು ಕರೆತರುತ್ತಾರೆ? ಶಾಲೆಯ ನಂತರದ ಕೇರ್‌ನಲ್ಲಿ ಸೀಟು ಇದೆಯಾ ಎಂದು ಮನೆಗಿಂತ ಮೊದಲು ಕೇಳಿ.

ಇನ್ನು ಶನಿವಾರ ಬಾಡಿಗೆ ಮನೆ ತೋರಿಸುವ ಇನ್‌ಸ್ಪೆಕ್ಷನ್ ಹದಿನೈದು ನಿಮಿಷ. ಎಲ್ಲರೂ ಬಾತ್‌ರೂಮ್ ಫೋಟೋ ತೆಗೆಯುತ್ತಾರೆ. ನೀವು ವಾರದ ದಿನ ಸಂಜೆ ಐದೂವರೆಗೆ ಇನ್ನೊಮ್ಮೆ ಹೋಗಿ ಆ ರಸ್ತೆಯಲ್ಲಿ ನಿಲ್ಲಿ. ನೀರು ಕೇಳಲು ಇಲ್ಲಿ ಕಟ್ಟೆ ಇಲ್ಲ, ಗೊತ್ತು. ಪಾರ್ಕಿನಲ್ಲಿ ಉಯ್ಯಾಲೆ ತೂಗುತ್ತಿರುವವರನ್ನು ಮಾತಾಡಿಸಿ. ಕನ್ನಡದವರೇ ಆಗಬೇಕಿಲ್ಲ. ನಮ್ಮ ಅಮ್ಮಮ್ಮ ಕನ್ನಡದವಳಾಗಿದ್ದಳೇ? ಎಡಗಡೆ ಮನೆಯ ಲೆಬನಾನಿನ ಅಜ್ಜ ನಮ್ಮ ಕಸದ ಬಿನ್ ಪ್ರತಿ ವಾರ ಒಳಗೆ ತಂದಿಡುತ್ತಾರೆ, ಒಂಬತ್ತು ವರ್ಷದಿಂದ ನಮ್ಮ ಮಾತೆಲ್ಲ ನಿಂಬೆಕಾಯಿಯ ಬಗ್ಗೆ ಮಾತ್ರ.

ಅಯ್ಯೋ, ಪುಟ ಮುಗಿಯುತ್ತಾ ಬಂತು. ಪ್ರಕಟಣೆಗಳು ಬೇಗ ಬೇಗ.

ರಾಜ್ಯೋತ್ಸವ ಈ ತಿಂಗಳ ಮೂರನೇ ಶನಿವಾರ, ಮಾಮೂಲಿ ಸಭಾಂಗಣ, ಮಧ್ಯಾಹ್ನ ಮೂರಕ್ಕೆ. ಮೂರು ಎಂದರೆ ಮೂರು, ನಾಲ್ಕೂವರೆ ಅಲ್ಲ. ತಟ್ಟೆ ಲೋಟ ಮನೆಯಿಂದಲೇ ತನ್ನಿ. ಮಕ್ಕಳ ಕ್ವಿಜ್‌ಗೆ ಹೆಸರು ಕೊಡಿ. ಒಂದು ಪ್ರಶ್ನೆ ಈಗಲೇ ಹೇಳಿಬಿಡುತ್ತೇನೆ: 1956ರ ನವೆಂಬರ್ 1ಕ್ಕಿಂತ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಜಿಲ್ಲೆ ಯಾವುದು? (ಸಂಪಾದಕರು ಪಕ್ಷಪಾತಿ ಎನ್ನಬೇಡಿ.) ಕನ್ನಡ ಶಾಲೆಗೆ ಡಿಸೆಂಬರ್ ಮಧ್ಯದಿಂದ ರಜೆ. ಗ್ರಂಥಾಲಯದ ಪುಸ್ತಕ ಯಾರ ಹತ್ತಿರ ಇದೆಯೋ ಅವರಿಗೇ ಗೊತ್ತು, ತಂದುಕೊಡಿ. ದಸರಾದಲ್ಲಿ ಉಳಿದ ಎರಡು ಸ್ಟೀಲ್ ಡಬ್ಬಿ, ಒಂದು ಮಗುವಿನ ಶೂ ನಮ್ಮ ಗ್ಯಾರೇಜಿನಲ್ಲಿವೆ.

ರಾಯಚೂರು ಆಂಟಿ ಏಳು ವರ್ಷದಿಂದ ನೋಡಿಕೊಳ್ಳುತ್ತಿದ್ದ ಅಡುಗೆ ಸಮಿತಿಗೆ ಈಗ ಯಾರೂ ಇಲ್ಲ. ಪತ್ರಿಕೆಗೂ ಒಬ್ಬರು ಬೇಕು. ನೀವು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಯೂನಿಕೋಡಿಗೆ ತಂದರೆ ಒತ್ತಕ್ಷರ ಎಲ್ಲೆಲ್ಲೋ ಹಾರುತ್ತವೆ. ಅವನ್ನು ಒಂದೊಂದೇ ಹಿಡಿದು ಕೂರಿಸುವುದರಲ್ಲಿ ನನ್ನ ಮೂರು ರಾತ್ರಿ ಹೋಗಿದೆ. ಕಣ್ಣು ಉರಿಯುತ್ತಿದೆ. ತಿಂಗಳಿಗೆ ಒಂದು ಸಂಜೆ ಕೊಟ್ಟರೂ ಸಾಕು.

ಹೋದ ಭಾನುವಾರ ರಾಯಚೂರು ಆಂಟಿ ನಮ್ಮ ಮನೆಯ ಕೀ ವಾಪಸ್ ಕೊಟ್ಟು ಹೋದರು. ಶೇಂಗಾ ಚಟ್ನಿಪುಡಿಯ ಪೊಟ್ಟಣದ ಜೊತೆ ಒಂದೇ ಕವರಿನಲ್ಲಿ ಹಾಕಿದ್ದರು. ಈಗ ಮೇಜಿನ ಮೇಲಿದೆ, ಇನ್ನೂ ಬೆಳ್ಳುಳ್ಳಿ ವಾಸನೆ. ಟೂಂಗ್ಯಾಬಿ ಸ್ಟೇಷನ್ನಿನಿಂದ ಶಾಲೆಯ ಕಡೆ ಬರುವ ದಾರಿಯಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ ಮನೆಯಲ್ಲಿರುವವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಒಂದು ಮಾತು ಹೇಳಿ. ಹುಡುಗಿ ಜಾಸ್ತಿ ತೊಂದರೆ ಕೊಡುವುದಿಲ್ಲ. ಬೈದರೂ ನಡೆಯುತ್ತದೆ.