ಪರೀಕ್ಷಾ ವಿಭಾಗದ ಅಕ್ಕನಿಗೆ

ನಾಳೆಯಿಂದ ಕಾಲೇಜಿನ ಕ್ರೀಡಾ ವಿಭಾಗದ ಈ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ. ಹೊರಡುವ ಮೊದಲು ಋಣ ಹೇಳಿಬಿಡಬೇಕು.

ನೆಹರೂ ಕ್ರೀಡಾಂಗಣದಿಂದ ಕತ್ತಲಾದ ಮೇಲೆ ಬರುವ ಮಕ್ಕಳಿಗೆ ಅನ್ನ ಸಾರು ಎತ್ತಿಟ್ಟ ಮೆಸ್ಸಿನವರಿಗೆ, ಪಂದ್ಯಕ್ಕೆ ಹೋದವರಿಗೆ ಇಂಟರ್ನಲ್ಸ್ ಮತ್ತೆ ಕೊಟ್ಟ ಮೇಷ್ಟ್ರುಗಳಿಗೆ, ನೆಗಡಿ ಮಾತ್ರೆ ಕೊಡುವ ಮುನ್ನ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳಿಸುವ ಸ್ಯೂಡೋಎಫೆಡ್ರಿನ್ ಇದೆಯಾ ಅಂತ ಸ್ಟ್ರಿಪ್ ತಿರುಗಿಸಿ ನೋಡಿದ ಮೆಡಿಕಲ್ ಶಾಪಿನ ಹುಡುಗನಿಗೆ ನಮಸ್ಕಾರ.

ಉಳಿದದ್ದೆಲ್ಲ ಪರೀಕ್ಷಾ ವಿಭಾಗದ ಅಕ್ಕನಿಗೆ.

ಕ್ರೀಡಾ ಕೋಟಾ ಕೈತಪ್ಪುವುದು ಮೈದಾನದಲ್ಲಿ ಕಡಿಮೆ, ಕಾಗದದಲ್ಲಿ ಹೆಚ್ಚು. ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡಿದವರು ಕೇಂದ್ರ ಸರ್ಕಾರದ ಕೆಲಸಕ್ಕೆ ಅರ್ಜಿ ಹಾಕುವಾಗ ಫಾರಂ 3, ಅಂದರೆ ವಿಶ್ವವಿದ್ಯಾಲಯದ ಪರವಾಗಿ ಆಡಿದ್ದಕ್ಕೆ ಪ್ರಮಾಣಪತ್ರ, ಕೇಳುತ್ತಾರೆ. ಅದಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ಸಹಿ ಬೇಕು, ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರ ಸಹಿ ನಡೆಯುವುದಿಲ್ಲ. ಮಕ್ಕಳಿಗೆ ಇದು ಗೊತ್ತಾಗುವುದು ಡಿಗ್ರಿ ಮುಗಿದು ಎಷ್ಟೋ ದಿನಕ್ಕೆ. ಅಕ್ಕ ಕೂಟ ಮುಗಿದ ವಾರವೇ ಅವರನ್ನು ವಿಶ್ವವಿದ್ಯಾಲಯವಿರುವ ಶಂಕರಘಟ್ಟದ ಬಸ್ಸು ಹತ್ತಿಸುತ್ತಿದ್ದರು.

ಹೆಸರಿನದು ಇನ್ನೊಂದು ಗೋಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಪೂರ್ತಿ ಬಿಡಿಸಿರುತ್ತದೆ, ಕೂಟದ ಸರ್ಟಿಫಿಕೇಟಿನಲ್ಲಿ ಬರೀ ಇನಿಷಿಯಲ್. ದಾಖಲೆ ಪರಿಶೀಲನೆಯ ದಿನ ಅಲ್ಲೇ ತಕರಾರು. ಅದಕ್ಕೇ ಎಂಟ್ರಿ ಫಾರಂ ಹೋಗುವ ಮೊದಲು ಅಂಕಪಟ್ಟಿ ಪಕ್ಕಕ್ಕಿಟ್ಟುಕೊಂಡು ಅಕ್ಷರ ಅಕ್ಷರ ಓದುತ್ತಿದ್ದರು. ಲ್ಯಾಮಿನೇಷನ್ ಕಂಡರಂತೂ ಸಿಟ್ಟು. ನಮ್ಮ ಮಳೆಗಾಲದಲ್ಲಿ ಥಂಡಿ ಹಿಡಿದ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಒಳಗೇ ಬೂಷ್ಟು, ಹಿಂಬದಿಗೆ ಸೀಲು ಹೊಡೆಯಲೂ ಬರುವುದಿಲ್ಲ. ಮಳೆ ಹೊಳವಾದ ದಿನ ಫೈಲುಗಳನ್ನು ಬಿಚ್ಚಿ ನೆರಳಲ್ಲಿ ಹರವುತ್ತಿದ್ದರು. ನೇರ ಬಿಸಿಲಿಗಿಟ್ಟರೆ ಶಾಯಿ ಮಾಸುತ್ತದೆ.

ಆ ಆಷಾಢದ ರಾತ್ರಿಯ ಕತೆ ನಿಮಗೆಲ್ಲ ಗೊತ್ತು. ಕರೆಂಟಿರಲಿಲ್ಲ, ಮೊಣಕಾಲಿನ ರಿಪೋರ್ಟು ಬಂದಿತ್ತು, ಖೋ ಖೋ ಹುಡುಗಿ ತನ್ನ ಫೈಲನ್ನು ಬಚ್ಚಲೊಲೆಗೆ ಹಾಕಲು ಹೊರಟಿದ್ದಳು. ನಾವೆಲ್ಲ ಬುದ್ಧಿ ಹೇಳಿದೆವು, ಎಲ್ಲ ಸರಿಹೋಗುತ್ತೆ ಅಂತ ಸುಳ್ಳು ಹೇಳಿದೆವು. ಆಮೇಲೆ ಒಬ್ಬೊಬ್ಬರಾಗಿ ಮನೆಗೆ ಹೋದೆವು. ನಾಚಿಕೆಯಾಗುತ್ತದೆ. ಅಕ್ಕ ಏನೂ ಹೇಳಲಿಲ್ಲ. ಫೈಲು ಇಸಿದುಕೊಂಡು, ಬೂದಿಯನ್ನು ಸೆರಗಿನಲ್ಲಿ ಒರೆಸಿ, ಅವಳ ಮಂಚದ ಪಕ್ಕ ಬೆಳಗಿನ ತನಕ ಕೂತರು.

ಬೆಳಿಗ್ಗೆ ಕಾಫಿಯ ಜೊತೆ ಒಂದು ಹಾಳೆ ಕೊಟ್ಟರು. ಲಿಗಮೆಂಟ್ ಆಪರೇಷನ್ ಆದರೆ ಒಂಬತ್ತು ತಿಂಗಳು ಅಂಕಣಕ್ಕಿಳಿಯುವ ಹಾಗಿಲ್ಲ, ಈ ಸೀಸನ್ ಬಿಡು. ಅಂತರ ವಿವಿ ವಯೋಮಿತಿ 25, ನಿನಗಿನ್ನೂ ವರ್ಷವಿದೆ. ಹೋದ ವರ್ಷದ ಫಾರಂ 3 ಫೈಲಿನಲ್ಲಿದೆ. ಡಿಗ್ರಿ ಆದಮೇಲೆ ದೈಹಿಕ ಶಿಕ್ಷಣದ ಎರಡು ವರ್ಷದ ಬಿ.ಪಿ.ಎಡ್., ಇಲ್ಲವೇ ಪಟಿಯಾಲದ ಕ್ರೀಡಾ ತರಬೇತಿ ಸಂಸ್ಥೆ ಎನ್‌ಐಎಸ್‌ನ ಆರು ವಾರದ ಕೋರ್ಸು. ಪ್ರತಿಯೊಂದರ ಎದುರಿಗೂ ಬೇಕಾಗುವ ಕಾಗದಗಳ ಪಟ್ಟಿ, ಸೀಮೆಎಣ್ಣೆ ದೀಪದಲ್ಲಿ ಬರೆದ ಸೊಟ್ಟ ಅಕ್ಷರ.

ಅದರ ಜೆರಾಕ್ಸ್ ಕಪಾಟಿನ ಮೇಲಿನ ಖಾನೆಯಲ್ಲಿದೆ, ಹೊಸಬರು ನೋಡಿಕೊಳ್ಳಲಿ. ಅಕ್ಕಾ, ಬೀಗದ ಕೈ ನಿಮ್ಮ ಡ್ರಾಯರಿನಲ್ಲೇ ಇಟ್ಟಿದ್ದೇನೆ.