ಒಂದು ಹುಣಸೆ ಬೀಜ ಕಮ್ಮಿ

ಪ್ರೀತಿಯ ಗೆಳೆಯಾ,

ಲೆಕ್ಕ ಅಂದರೆ ಮಗಳು ಅಳುತ್ತಾಳೆ, ಯಾವ ಟ್ಯೂಷನ್‌ಗೆ ಹಾಕಲಿ ಅಂತ ಕೇಳಿದ್ದೀಯ. ಸರಿಯಾದವನನ್ನೇ ಕೇಳಿದೆ ಬಿಡು! ಐದನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಸೊನ್ನೆ ತಂದವನು ನಾನು. ನನಗೆ ಲೆಕ್ಕದ ರುಚಿ ಹತ್ತಿದ್ದು ಕಥೆ ಪುಸ್ತಕದಿಂದ.

ಊರಿನ ಗ್ರಂಥಾಲಯದಲ್ಲಿ ರಟ್ಟು ಕಿತ್ತುಹೋದ ಪುಸ್ತಕ ಒಂದಿತ್ತಲ್ಲ, ನೆನಪಿದೆಯಾ? ಚದುರಂಗ ಕಂಡುಹಿಡಿದವನ ಕಥೆ ಓದಿದ್ದು ಅದರಲ್ಲೇ. ಏನು ಬೇಕೋ ಕೇಳು ಅಂತಾನೆ ರಾಜ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ ದುಪ್ಪಟ್ಟು ಮಾಡುತ್ತಾ ಕೊಡಿ ಅಂತಾನೆ ಇವನು. ಇಷ್ಟೇನಾ ಅಂತ ರಾಜ ನಗುತ್ತಾನೆ. ಕೊನೆಗೆ ನೋಡಿದರೆ ಉಗ್ರಾಣವೇ ಸಾಲದು.

ನನಗೆ ನಂಬಿಕೆ ಬರಲಿಲ್ಲ. ಚೌಕಾಬಾರಕ್ಕೆ ಕೂಡಿಟ್ಟಿದ್ದ ಹುಣಸೆ ಬೀಜದ ಡಬ್ಬಿ ಸುರುವಿ, ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕೂತೆ. ಏಳನೇ ಮನೆಗೆ 64 ಬೀಜ ಇಟ್ಟೆ. ಡಬ್ಬಿ ಖಾಲಿ. ಎಂಟನೆಯದಕ್ಕೆ 128 ಬೇಕು. ಏನು ಮಾಡೋದು? ಹಿಂದಿನ ಏಳೂ ಮನೆಯ ಬೀಜ ಬಳಿದು ತಂದು ಅಲ್ಲಿ ಗುಡ್ಡೆ ಹಾಕಿದೆ. ಎಣಿಸಿದರೆ 127. ಒಂದು ಎಲ್ಲೋ ಬಿದ್ದಿರಬೇಕು ಅಂತ ಮಂಚದ ಕೆಳಗೆ ತೂರಿದೆ. ತಂಗಿಯ ಮುಷ್ಟಿ ಬಿಡಿಸಿ ನೋಡಿದೆ. ಪಾಪ, ಅವಳ ಹತ್ತಿರ ಏನೂ ಇರಲಿಲ್ಲ.

ಮತ್ತೆ ಮೊದಲಿಂದ ಇಟ್ಟೆ. ಒಂದು, ಎರಡು, ನಾಲ್ಕು. ಕೂಡಿದರೆ ಏಳು, ಮುಂದಿನ ಮನೆಗೆ ಬೇಕಾದದ್ದು ಎಂಟು. ಇನ್ನೊಂದು ಮನೆ ಮುಂದೆ ಹೋದೆ. ಹದಿನೈದು ಇದೆ, ಹದಿನಾರು ಬೇಕು. ಎಲ್ಲಿ ನಿಲ್ಲಿಸಿದರೂ ಒಂದೇ ಒಂದು ಕಮ್ಮಿ! ಬೀಜ ಕಳೆದಿರಲೇ ಇಲ್ಲ. ಅವತ್ತು ಊಟಕ್ಕೆ ಕರೆದದ್ದೂ ನನಗೆ ಕೇಳಿಸಲಿಲ್ಲ.

ಎಷ್ಟೋ ವರ್ಷದ ಮೇಲೆ ಕಾಲೇಜಿನಲ್ಲಿ 64 ಮನೆಯ ಕಾಳಿನ ಒಟ್ಟು ಮೊತ್ತ ಬೋರ್ಡಿನ ಮೇಲೆ ಬಂತು. ಎರಡರ ಘಾತ 64, ಅಂದರೆ 64 ಎರಡುಗಳನ್ನು ಒಂದಕ್ಕೊಂದು ಗುಣಿಸಿದ್ದು, ಅದರಲ್ಲಿ ಒಂದು ಕಳೆ. 20 ಅಂಕಿಯ ಸಂಖ್ಯೆ. ಆ 'ಒಂದು ಕಳೆ' ನೋಡಿ ನಗು ತಡೆಯಲಾಗಲಿಲ್ಲ. ನಾನು ಮಂಚದ ಕೆಳಗೆ ಹುಡುಕಿದ ಬೀಜ ಅದು.

ಹದಿನೇಳು ಹಸುಗಳ ಕಥೆಗೆ ನೀನು ಜಗಳ ತೆಗೆದಿದ್ದೆ, ಅಲ್ವಾ? ಅಪ್ಪ ಸಾಯುವಾಗ ಹೇಳಿದ್ದು, ದೊಡ್ಡ ಮಗನಿಗೆ ಅರ್ಧ, ನಡುವಿನವನಿಗೆ ಮೂರನೇ ಒಂದು, ಕಿರಿಯವನಿಗೆ ಒಂಬತ್ತನೇ ಒಂದು ಪಾಲು. ಹಂಚಲಾಗದೆ ಮಕ್ಕಳು ಕೂತಿದ್ದಾಗ ಮುದುಕನೊಬ್ಬ ತನ್ನ ಹಸು ಸೇರಿಸಿ ಹದಿನೆಂಟು ಮಾಡಿ, 9, 6, 2 ಅಂತ ಹಂಚಿ, ತನ್ನದನ್ನು ಹೊಡೆದುಕೊಂಡು ಹೋದ. 'ಹದಿನೇಳರಲ್ಲಿ ಅರ್ಧ ಅಂದರೆ ಎಂಟೂವರೆ ಕಣೋ, ದೊಡ್ಡವನಿಗೆ ಅರ್ಧ ಹಸು ಜಾಸ್ತಿ ಎಲ್ಲಿಂದ ಬಂತು?' ಅಂದೆ ನೀನು. ಮೂರು ಪಾಲೂ ಕೂಡಿದರೆ ಪೂರ್ತಿ ಒಂದಾಗುವುದಿಲ್ಲ, ಅಪ್ಪನೇ ಲೆಕ್ಕ ತಪ್ಪಿದ್ದಾನೆ ಅಂತ ಗೊತ್ತಾಗಲು ನಮಗೆ ಒಂದು ವಾರ ಬೇಕಾಯಿತು. ಪಠ್ಯಪುಸ್ತಕದ ಭಿನ್ನರಾಶಿಗೆ ನಾವು ಒಂದು ನಿಮಿಷವೂ ಜಗಳ ಆಡಲಿಲ್ಲ ನೋಡು.

ಟ್ಯೂಷನ್ ಆಮೇಲೆ ನೋಡೋಣ. ಮಗಳಿಗೆ ಈ ಕಥೆ ಹೇಳು. ನಮ್ಮ ಕಡೆಯದೇ. ಒಂಬತ್ತನೇ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದ್ದು. ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಚೀಲ ಕಾಣುತ್ತದೆ. 'ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟು ನನ್ನದಾಗುತ್ತೆ' ಅಂತಾನೆ ಒಬ್ಬ. 'ನನಗೆ ಸಿಕ್ಕರೆ ಮೂರರಷ್ಟು' ಅಂತಾನೆ ಎರಡನೆಯವನು. 'ನನಗಾದರೆ ಐದರಷ್ಟು' ಅಂತಾನೆ ಮೂರನೆಯವನು. ಯಾರ ಹತ್ತಿರ ಎಷ್ಟಿದೆ? ಚೀಲದಲ್ಲಿ ಎಷ್ಟು?

ನೀನೂ ಪೆನ್ಸಿಲ್ ಹಿಡಿದು ಕೂತುಕೋ. ನಿನಗೊಂದು ಉತ್ತರ, ಅವಳಿಗೊಂದು ಉತ್ತರ ಬಂದರೆ ಅವಳದ್ದು ತಪ್ಪು ಅಂತ ಗದರಬೇಡ ಮಾರಾಯ. ಇಬ್ಬರದ್ದೂ ಸರಿ ಇರಬಹುದು.

ನಿನ್ನ ಗೆಳೆಯ